ಆಚೆ ದಡದ ಸಾವಿರ ಕುದುರೆ

ನಿಮ್ಮೂರಿಗೆ ಸೈನ್ಯ ಇದೆಯೇನಪ್ಪಾ ಎಂದು ಯಾರಾದರೂ ಕೇಳಿದರೆ ಇದೆ ಅಂತೀವಿ. ಎಷ್ಟು ಕುದುರೆ ಎಂದು ಕೇಳಿದರೆ ಮಾತ್ರ, ಆಚೆ ದಡಕ್ಕೆ ಹೋಗಿ ನೋಡಿಕೊಳ್ಳಿ ಅಂತ ನಗ್ತೀವಿ. ಈಚೆಯಿಂದ ನೋಡಿದರೆ ಇರುವುದು ಒಂದೇ ಕುದುರೆ. ವಯಸ್ಸಾದ ಹೆಣ್ಣುಕುದುರೆ, ಬೂದಿ ಅಂತ ಹೆಸರು. ಅದರ ಮೇಲೆ ಒಬ್ಬಳೇ ಮುದುಕಿ, ಮೆಂಗ್ ಸೂಲಾನ್. ಊರಿಗೆಲ್ಲ ಅವಳು ದಳವಾಯಿ ಅಜ್ಜಿ. ಅದೇ ಅಜ್ಜಿ ಅದೇ ಬೂದಿಯ ಮೇಲೆ ಹೊಳೆಯ ದಡದಲ್ಲಿ ನಿಂತರೆ, ಆಚೆ ದಡದವರ ಕಣ್ಣಿಗೆ ಸಾವಿರ ಸವಾರರು ಕಾಣುತ್ತಾರೆ. ಯಾಕೆ ಹಾಗೆ ಅಂತ ನನ್ನನ್ನು ಕೇಳಬೇಡಿ. ನಾನು ಕುದುರೆಗೆ ಲಾಳ ಕಟ್ಟುವವನು, ನನಗೆ ಗೊತ್ತಿರುವುದು ಮೊಣಕಾಲಿನಿಂದ ಕೆಳಗೆ.

ಊರು ಎಲ್ಲಿದೆ ಅಂತೀರಾ? ಚೀನಾದೇಶದ ಉತ್ತರದ ಅಂಚಿನಲ್ಲಿ ಎಲ್ಲೋ ಒಂದು ಕಡೆ ಅಂತ ಇಟ್ಟುಕೊಳ್ಳಿ. ನಕ್ಷೆಯಲ್ಲಂತೂ ಇಲ್ಲ. ಹಿಂದೆ ಯಾವುದೋ ಕಾಲದಲ್ಲಿ ಮೆಂಗ್ ಮನೆತನದ ಏಳು ಜನ ಅಣ್ಣತಮ್ಮಂದಿರು ಗಡಿ ಕಾಯಲು ಬಂದರಂತೆ. ಒಂದೇ ಚಳಿಗಾಲದಲ್ಲಿ ಏಳೂ ಜನ ಮಡಿದರಂತೆ. ಏಳು ಹೆಂಡಿರು ಅತ್ತು ಮುಗಿಸಿ, ಗಂಡಂದಿರ ಜೀನು ಹಾಕಿಕೊಂಡು ಏಳು ಕುದುರೆ ಹತ್ತಿದರಂತೆ. ಆವತ್ತಿನಿಂದ ಈ ಸಾವಿರದ ಕಥೆ. ಮನೆತನದಲ್ಲಿ ಹುಟ್ಟಿದವರಾಗಲಿ, ಸೊಸೆಯಾಗಿ ಬಂದವರಾಗಲಿ, ಒಬ್ಬರು ಹತ್ತಿದರೆ ಸಾಕು. ಅಜ್ಜಿ ಹದಿನಾರಕ್ಕೆ ಸೊಸೆಯಾಗಿ ಬಂದಳು, ಹದಿನೇಳಕ್ಕೆ ಗಂಡ ಹೋದ, ಅತ್ತೆ ಕೈಗೆ ಲಗಾಮು ಕೊಟ್ಟಳು. ಈಗ ಅವಳಿಗೆ ಎಪ್ಪತ್ತಾರು. ಅವಳ ಹಿಂದೆ ಇನ್ನು ಯಾರೂ ಇಲ್ಲ.

ನಾನು ಅವಳ ಲಾಯದಲ್ಲಿ ಬೆಳೆದವನು. ಹೆತ್ತವರು ಯಾರೋ ಗೊತ್ತಿಲ್ಲ. ಹುರುಳಿ ಚೀಲದ ಮೇಲೆ ಮಲಗಿದ್ದೆನಂತೆ, ಅಜ್ಜಿ ಎತ್ತಿಕೊಂಡು ತಾವೊ ಅಂತ ಹೆಸರಿಟ್ಟಳಂತೆ. ಎಂಟು ವರ್ಷದವನಿದ್ದಾಗ ಒಂದು ದಿನ ನನ್ನನ್ನೂ ಕುದುರೆ ಹತ್ತಿಸಿ ದಡದಲ್ಲಿ ನಿಲ್ಲಿಸಿದಳು. ಬಾತು ಮೇಯಿಸುವ ಕೈಶಾನನ ಅಪ್ಪ ತೆಪ್ಪದಲ್ಲಿ ಹೊಳೆ ನಡುವಿನ ಮರಳದಿಣ್ಣೆಗೆ ಹೋಗಿ ನೋಡಿ ಬಂದು, "ಒಬ್ನೇ ಕಾಣ್ತಾನೆ ತಾಯಿ" ಅಂದ. ಆ ದಿನ ಹುಲ್ಲಿನ ಬಣವೆಯಲ್ಲಿ ಮುಖ ಹುದುಗಿಸಿ ಅತ್ತೆ. ಅಜ್ಜಿ ಒಂದು ಉಣ್ಣೆ ಟೊಪ್ಪಿ ಹೊಲಿದು ತಲೆಗೆ ಹಾಕಿ, "ಚಳಿ ಇದೆ, ತೆಗೀಬೇಡ" ಅಂದಳು. ಆಮೇಲೆ ವರ್ಷಕ್ಕೊಂದು ಟೊಪ್ಪಿ ಹೊಲಿಯುತ್ತಲೇ ಬಂದಿದ್ದಾಳೆ. ನಾನು ವರ್ಷಕ್ಕೊಂದು ಕುಲುಮೆಯ ಕಿಡಿಗೆ ಸುಟ್ಟುಕೊಳ್ಳುತ್ತಲೇ ಬಂದಿದ್ದೇನೆ. ನನಗೀಗ ಐವತ್ತು ದಾಟಿದೆ, ತಲೆಯಲ್ಲಿ ಕೂದಲಿಲ್ಲ, ಆದರೂ ಕಂಡಾಗಲೆಲ್ಲ ಅವಳದು ಒಂದೇ ಮಾತು, "ಟೊಪ್ಪಿ ಎಲ್ಲೋ?"

ಒಬ್ಬಳನ್ನೇ ಸಾವಿರ ಮಾಡಿಕೊಂಡು ಬದುಕುವುದಕ್ಕೆ ಊರು ಚೆನ್ನಾಗಿ ಒಗ್ಗಿಕೊಂಡಿತ್ತು. ಸಾವಿರ ಸವಾರರ ಅಡುಗೆ ಅಂದರೆ ಹೊಗೆ ಬೇಡವೇ? ಅದಕ್ಕೇ ಮನೆಮನೆಯಲ್ಲೂ ಮುಂಜಾನೆ ಎರಡೆರಡು ಒಲೆ ಉರಿಯುತ್ತಿತ್ತು. ಅಜ್ಜಿಯ ಮೈಮೇಲೆ, ಜೀನಿನ ಮೇಲೆ ಏನಿದ್ದರೂ ಅದೂ ಸಾವಿರವಾಗುತ್ತಿದ್ದುದರಿಂದ ಅವಳು ದಡಕ್ಕೆ ಹೋಗುವ ಮುನ್ನ ನನ್ನ ಹೆಂಡತಿ ರುಯಿ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಿದ್ದಳು. ಒಂದು ಸಲ ಅವಳೂ ಕಣ್ತಪ್ಪಿದಳು. ಅಜ್ಜಿ ದಾರಿಯಲ್ಲಿ ಒಂದು ಕಟ್ಟು ಹಸಿ ಈರುಳ್ಳಿ ಕೊಂಡು ಜೀನಿಗೆ ಕಟ್ಟಿಕೊಂಡವಳು ಹಾಗೇ ದಡಕ್ಕೆ ಹೋಗಿ ನಿಂತುಬಿಟ್ಟಳು. ಸಾವಿರ ಕುದುರೆಗೆ ಸಾವಿರ ಕಟ್ಟು ಈರುಳ್ಳಿ! ಆಚೆಯವರು ಏನಂದುಕೊಂಡರೋ ಅಂತ ವಾರವಿಡೀ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು.

ನಕ್ಕೆವು ನಿಜ, ಭಯವೂ ಇತ್ತು. ಯಾಕೆಂದರೆ ಆಚೆ ದಡದಲ್ಲೂ ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಸಾವಿರ ಸವಾರರು ಬಂದು ನಿಲ್ಲುತ್ತಿದ್ದರು. ಎಲ್ಲವೂ ಕೆಂಚು ಕುದುರೆ. ಬಿಸಿಲು ಹಾಳು ಕಾವಲು ಬತೇರಿಯ ಬುಡ ಮುಟ್ಟುವವರೆಗೆ ನಿಂತು, ಒಟ್ಟಿಗೆ ತಿರುಗಿ ಹೋಗುತ್ತಿದ್ದರು. ಒಂದು ಬಾಲವೂ ಹೆಚ್ಚುಕಮ್ಮಿ ಅಲ್ಲಾಡುತ್ತಿರಲಿಲ್ಲ. "ಅದೆಂಥಾ ಶಿಸ್ತು ನೋಡ್ರಪ್ಪಾ, ಅವರು ನಿಜವಾದ ಸೈನ್ಯ" ಅಂತ ನಮ್ಮ ಹಿರಿಯರು ನಿಟ್ಟುಸಿರು ಬಿಡುತ್ತಿದ್ದರು. ಈಚೆಯದು ಬರೀ ಒಂದು ಮುದುಕಿ ಅಂತ ಗೊತ್ತಾದ ದಿನ ಅವರು ಹೊಳೆ ದಾಟುತ್ತಾರೆ, ಊರು ಬೂದಿಯಾಗುತ್ತದೆ. ಇದನ್ನು ಕೂಸುಗಳಿಗೆ ಹಾಲಿನ ಜೊತೆ ಕುಡಿಸಿ ಬೆಳೆಸಿದ್ದೆವು.

ಈ ಸಲ ಹೊಳೆಯ ಮಂಜುಗಡ್ಡೆ ಒಡೆದ ಮಾರನೆಯ ದಿನ ಅಜ್ಜಿ ಬಿದ್ದಳು. ಕುದುರೆಯಿಂದ ಬಿದ್ದಿದ್ದರೆ ಅವಳಿಗೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಬಿದ್ದದ್ದು ಅಂಗಳದ ಮೆಟ್ಟಿಲಿಂದ, ಕೈಯಲ್ಲಿ ಮುಸುರೆ ಬಾನಿ ಹಿಡಿದುಕೊಂಡು. ಮೂಳೆ ಕೂರಿಸುವ ಪಾನ್ ವೈದ್ಯಮ್ಮ ಬಂದು ಸೊಂಟ ಮುಟ್ಟಿ ನೋಡಿ, "ಬಿರುಕು ಬಿಟ್ಟಿದೆ. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು" ಅಂದಳು.

ಆವತ್ತು ನಮ್ಮ ದಡ ಖಾಲಿ ಉಳಿಯಿತು. ಅರವತ್ತು ವರ್ಷದಲ್ಲಿ ಮೊದಲ ಸಲ. ಆಚೆಯ ಸಾವಿರ ಸವಾರರು ಬಿಸಿಲು ಬತೇರಿ ದಾಟಿದರೂ ಹೋಗಲಿಲ್ಲ, ನೋಡುತ್ತಲೇ ನಿಂತರು. ಕೊನೆಗೆ ಅವರು ಹೋದ ಮೇಲೆ, ಮಧ್ಯಾಹ್ನ, ರುಯಿ ಅಜ್ಜಿಯ ಅಂಗಿ ತೊಟ್ಟು, ಬೂದಿಯ ಮೇಲೆ ಕೂತು, ಅಜ್ಜಿಯ ಹಾಗೇ ಗದ್ದ ಮೇಲೆತ್ತಿ ನೋಡಿದಳು. ಕೈಶಾನ ಮರಳದಿಣ್ಣೆಗೆ ಹೋಗಿ ಬಂದು ತಲೆ ಅಲ್ಲಾಡಿಸಿದ. "ಒಬ್ಬಳೇ ಕಾಣ್ತಾಳಣ್ಣ. ಅದೂ ತೋಫು ಮಾರೋ ನಿನ್ನ ಹೆಂಡ್ತಿ ಅಂತ ಚೆನ್ನಾಗೇ ಗೊತ್ತಾಗುತ್ತೆ."

ಎರಡನೆಯ ದಿನ ಬೆಳಕು ಹರಿಯುವ ಮೊದಲೇ ಅಜ್ಜಿ ನನ್ನನ್ನು ಕರೆಸಿದಳು. "ಬೂದಿನ ತಗೊಂಬಾ. ನನ್ನನ್ನು ಜೀನಿಗೆ ಕಟ್ಟು."

"ಆಗಲ್ಲ ಅಜ್ಜಿ. ನಿನ್ನ ಸೊಂಟ..."

"ಸೊಂಟ ನಂದು, ಊರು ಎಲ್ಲಾರ್ದು. ಕಟ್ಟು ಅಂದ್ರೆ ಕಟ್ಟಬೇಕು. ಟೊಪ್ಪಿ ಎಲ್ಲೋ?"

ಕಟ್ಟಿದೆ. ನಾಲ್ಕು ಜನ ಎತ್ತಿ ಕೂರಿಸಿದೆವು. ಬಿಸಿಲು ಬತೇರಿಗೆ ಬರುವವರೆಗೆ ಅವಳು ಬಲಗೈ ತೋಳನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು, ಕೂಗು ಹೊರಗೆ ಬಾರದಿರಲೆಂದು. ಇಳಿಸಿದಾಗ ಪ್ರಜ್ಞೆ ಇರಲಿಲ್ಲ. ವೈದ್ಯಮ್ಮ ನನ್ನನ್ನು ಹೊರಗೆ ಎಳೆದುಕೊಂಡು ಹೋಗಿ, "ಇನ್ನು ಮೂರು ದಿನ ಹೀಗೆ ಕೂರಿಸಿ ನೋಡು, ನಾಲ್ಕನೇ ದಿನಕ್ಕೆ ನನ್ನನ್ನು ಕರೀಬೇಡ, ಹೆಣದ ಪೆಟ್ಟಿಗೆ ಮಾಡೋನನ್ನು ಕರಿ" ಅಂದಳು. ಕುದುರೆ ಹತ್ತಿಸಿದರೆ ಅಜ್ಜಿ ಇಲ್ಲ, ಹತ್ತಿಸದಿದ್ದರೆ ಊರು ಇಲ್ಲ. ರುಯಿ ಅಳುತ್ತಾ ತೋಫು ಕತ್ತರಿಸಿದಳು. ನಾನು ಕುಲುಮೆಯ ಮುಂದೆ ಸುಮ್ಮನೆ ಕೂತಿದ್ದೆ.

ಮೂರನೆಯ ದಿನ ಮತ್ತೆ ಕಟ್ಟಿದೆ. ಈ ಸಲ ಅವಳನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅವಳ ಕಾಲಿಟ್ಟ ರಿಕಾಪು ಹಿಡಿದುಕೊಂಡು ಕುದುರೆಯ ಪಕ್ಕದಲ್ಲೇ ಉಳಿದೆ. ನಿಜ ಹೇಳುತ್ತೇನೆ, ಆವರೆಗೆ ಆಚೆಯ ಸೈನ್ಯವನ್ನು ನಾನು ಸರಿಯಾಗಿ ನೋಡಿದವನೇ ಅಲ್ಲ. ಸೂರ್ಯ ಹುಟ್ಟುವ ಹೊತ್ತು ನನಗೆ ಕುಲುಮೆ ಹೊತ್ತಿಸುವ ಹೊತ್ತು. ಈಗ ಅಜ್ಜಿಯ ಮುಖ ನೋಡಲಾರದೆ ಆಚೆ ನೋಡಿದೆ. ಸಾವಿರ ಕೆಂಚು ಕುದುರೆ ದಿಬ್ಬ ಇಳಿದು ನೀರಿನ ಕಡೆ ಬರುತ್ತಿದ್ದವು. ಬೇರೆಯವರು ಕತ್ತಿ ನೋಡುತ್ತಿದ್ದರು, ಬಿಲ್ಲು ನೋಡುತ್ತಿದ್ದರು. ನಾನು ಕಾಲು ನೋಡಿದೆ. ಎಡ ಮುಂಗಾಲು ನೆಲ ಮುಟ್ಟುತ್ತಿದ್ದ ಹಾಗೆ ತಲೆ ಮೇಲಕ್ಕೆ ಹೋಗುತ್ತಿತ್ತು. ಬಲಗಾಲು ಊರಿದಾಗ ಕೆಳಗಿಳಿಯುತ್ತಿತ್ತು. ಗೊರಸಿನಲ್ಲಿ ಏನೋ ಚುಚ್ಚಿದ ಕುದುರೆ ನಡೆಯುವುದೇ ಹಾಗೆ. ಪಾಪ, ಕುಂಟುತ್ತಿದೆ ಅಂದುಕೊಂಡೆ. ಪಕ್ಕದ್ದನ್ನು ನೋಡಿದೆ. ಅದೂ ಎಡ ಮುಂಗಾಲು. ಅದರ ಪಕ್ಕದ್ದು, ಹಿಂದಿನ ಸಾಲು, ಕೊನೆಯ ಸಾಲು. ಸಾವಿರ ಕುದುರೆಯೂ ಎಡ ಮುಂಗಾಲನ್ನೇ ಎಳೆಯುತ್ತಿತ್ತು, ಸಾವಿರ ತಲೆಯೂ ಒಟ್ಟಿಗೆ ಏಳುತ್ತಿತ್ತು.

ಮೂವತ್ತೈದು ವರ್ಷ ಲಾಳ ಕಟ್ಟಿದ್ದೇನೆ. ಒಂದೇ ಲಾಯದ ಮೂರು ಕುದುರೆ ಒಂದೇ ದಿನ ಒಂದೇ ಕಾಲು ಕುಂಟಿದ್ದು ಕಂಡಿಲ್ಲ. ಸಾವಿರವಂತೆ!

"ಅಜ್ಜಿ," ಅಂದೆ, "ಅಲ್ಲಿರೋದು ಒಂದೇ ಕುದುರೆ."

ಅವಳು ಬಾಯಿಂದ ತೋಳು ತೆಗೆದಳು. "ಬಿಸಿಲು ತಲೆಗೆ ಹೊಡೀತೇನೋ? ಟೊಪ್ಪಿ ಹಾಕ್ಕೋ ಅಂದ್ರೆ ಕೇಳಲ್ಲ."

ಕಂಡದ್ದನ್ನು ಹೇಳಿದೆ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಇಷ್ಟು ದಿನ ಅವಳೂ ಕತ್ತಿ ಬಿಲ್ಲನ್ನೇ ನೋಡಿದ್ದಳು, ಆದರೆ ಕಾಲು ತೋರಿಸಿದ ಮೇಲೆ, ಕುದುರೆಯ ಬೆನ್ನ ಮೇಲೆ ಅರವತ್ತು ವರ್ಷ ಕಳೆದವಳಿಗೆ ಕುಂಟು ಕಾಣದೇ ಇರುತ್ತದೆಯೇ? ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

"ಹಂಗಾದ್ರೆ ಇಷ್ಟು ವರ್ಷ ನಾನು ಒಬ್ಬನಿಗೆ ಹೆದರ್ಕೊಂಡು ನಿಂತಿದ್ನಾ?" ಅಂದಳು.

"ಒಬ್ಬನೋ ಒಬ್ಬಳೋ, ಹೋಗಿ ನೋಡ್ತೀನಿ. ಆ ಕಾಲನ್ನಂತೂ ನೋಡಲೇಬೇಕು. ಬಿಟ್ರೆ ಕೀವಾಗಿ ಗೊರಸೇ ಕಳಚುತ್ತೆ."

"ಸುಳ್ಳಾಗಿದ್ರೆ?"

"ಸುಳ್ಳಾಗಿದ್ರೆ ಸಾವಿರ ಕುದುರೆಗೆ ಲಾಳ ಕಟ್ಟೋ ಕೆಲಸ ಸಿಗುತ್ತೆ ಬಿಡು."

ಅವಳು ನಗಲಿಲ್ಲ. "ಹೋಗು. ನೀನು ವಾಪಸು ಬರೋವರ್ಗೂ ನಾನು ಇಳಿಯಲ್ಲ. ನಿನ್ನ ಹಿಂದೆ ಸಾವಿರ ಜನ ಇದಾರೆ ಅಂತ ಅವರಿಗೆ ಕಾಣ್ತಿರಲಿ."

ಇಕ್ಕಳ, ಅರ, ಗೊರಸು ಕೆತ್ತುವ ಚೂರಿ, ಒಂದಿಷ್ಟು ಉಪ್ಪು ಕಲಸಿದ ತೌಡು ತಂದು, ಕೈಶಾನನ ತೆಪ್ಪ ಇಸಿದುಕೊಂಡು ಹೊಳೆಗಿಳಿದೆ. ಮರಳದಿಣ್ಣೆ ದಾಟುತ್ತಿದ್ದ ಹಾಗೆ ಮುಂದಿದ್ದ ಸೈನ್ಯ ಮಾಯವಾಯಿತು. ಗದ್ದಲವಿಲ್ಲ, ಹೊಗೆಯಿಲ್ಲ, ನಾನು ರೆಪ್ಪೆ ಬಡಿದು ತೆಗೆಯುವಷ್ಟರಲ್ಲಿ ಅಲ್ಲಿ ಒಂದು ಕೆಂಚು ಕುದುರೆ, ಅದರ ಮೇಲೆ ಒಬ್ಬ ಬಿಳಿ ಗಡ್ಡದ ಮುದುಕ. ಗೆದ್ದೆ ಅಂತ ಕೂಗಬೇಕೆನಿಸಿ ಹಿಂದಿರುಗಿ ನೋಡಿದೆ. ನೋಡಬಾರದಿತ್ತು. ನಮ್ಮ ದಡದ ಉದ್ದಕ್ಕೂ ಸಾವಿರ ಬೂದಿ ಕುದುರೆಗಳು, ಸಾವಿರ ಅಜ್ಜಿಯರು. ಸಾವಿರ ಬಾಯಿಗಳು ಸಾವಿರ ತೋಳುಗಳನ್ನು ಕಚ್ಚಿ ಹಿಡಿದಿದ್ದವು. ಒಬ್ಬಳ ನೋವನ್ನೇ ನೋಡಲಾರದೆ ಹೊರಟವನು ನಾನು. ಮತ್ತೆ ತಿರುಗಿ ನೋಡದೆ ಹುಟ್ಟು ಹಾಕಿದೆ.

ಮುದುಕ ಬಿಲ್ಲೆತ್ತಿದ. ಹೂಡಿದ ಬಾಣ ತಾನಾಗಿ ಜಾರಿ ಕೆಳಗೆ ಬಿತ್ತು. ನಾನು ಇಕ್ಕಳ ಮೇಲೆತ್ತಿ ಹಿಡಿದು ಕುದುರೆಯ ಕಾಲು ತೋರಿಸಿದೆ. "ಲಾಳದವನು ತಾತ! ಎಡ ಮುಂಗಾಲು!"

ಅವನು ಬಿಲ್ಲು ಕೆಳಗಿಟ್ಟ. ಮಾತು ನಮ್ಮದೇ, ಸ್ವಲ್ಪ ಮೂಗಿನಿಂದ ಬರುತ್ತಿತ್ತು. "ನಮ್ಮ ಲಾಳದವನು ಈ ಚಳಿಗೆ ತೀರಿಹೋದನಪ್ಪಾ. ನೋಡೋರು ಯಾರೂ ಇಲ್ಲ. ಹತ್ತು ದಿನವಾಯ್ತು, ಇದನ್ನು ಹೀಗೆ ನಡೆಸಿಕೊಂಡು ಬರೋದಕ್ಕೆ ಕರುಳು ಕಿತ್ತು ಬರುತ್ತೆ" ಅಂದವನು ನಮ್ಮ ದಡದ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮ ಸಾವಿರ ಜನರ ಹತ್ರ ಹೇಳಿಬಿಡು. ಎರ್ದೆನ್ ಒಬ್ಬನೇ. ನಮ್ಮ ವಂಶದಲ್ಲಿ ಉಳಿದಿರೋನು ನಾನೊಬ್ಬನೇ. ಮೊನ್ನೆ ನೀವು ಯಾರೂ ಕಾಣಲಿಲ್ವಲ್ಲ, ಸುತ್ತುಹಾಕಿ ಬರ್ತಿದೀರಿ ಅಂತ ತಿಳ್ಕೊಂಡು ಇದನ್ನ ತಂದಿಟ್ಕೊಂಡಿದೀನಿ." ಜೀನಿನ ಚೀಲದಿಂದ ಮಡಿಸಿದ ಬಿಳಿ ಬಟ್ಟೆ ತೆಗೆದು ತೋರಿಸಿದ. ಶರಣಾಗಲು ಸಿದ್ಧನಾಗಿ ಬಂದಿದ್ದ!

ನಾನು ಬಾಯಿ ಬಿಡಲಿಲ್ಲ. ನಮ್ಮ ಗುಟ್ಟು ಹೇಳಲು ನಾನ್ಯಾರು? ಗೊರಸು ತೊಡೆಯ ಮೇಲಿಟ್ಟುಕೊಂಡು ಲಾಳ ಬಿಚ್ಚಿದೆ. ಮೊಳೆಯ ಪಕ್ಕದಲ್ಲಿ ಹುರುಳಿಕಾಳಿನಷ್ಟು ಕಲ್ಲು ಒಳಗೆ ಹೋಗಿ ಕೂತಿತ್ತು. ಚೂರಿಯಿಂದ ಬಿಡಿಸುತ್ತಿದ್ದ ಹಾಗೆ ಕಪ್ಪು ಕೀವು ಹರಿಯಿತು. ಕುದುರೆ ಉದ್ದಕ್ಕೆ ಉಸಿರು ಬಿಟ್ಟು ನನ್ನ ಬೋಳುತಲೆಯನ್ನು ಮೂಸಿತು. ಉಪ್ಪು ಕಲಸಿದ ತೌಡು ಕಟ್ಟಿ ಬಟ್ಟೆ ಸುತ್ತಿದೆ. ಬೇರೆ ಬಟ್ಟೆ ಇರಲಿಲ್ಲ, ಶರಣಾಗತಿಯ ಬಟ್ಟೆಯನ್ನೇ ಸುತ್ತಿದೆ.

"ಸಾವಿರ ಕುದುರೆಗೆ ನೀವು ಎಷ್ಟು ಜನ ಲಾಳದವರು?" ಎಂದು ಕೇಳಿದ.

"ನಾನೊಬ್ಬನೇ."

"ಅಯ್ಯೋ ಪಾಪ! ಊಟಕ್ಕಾದ್ರೂ ಪುರುಸೊತ್ತು ಸಿಗುತ್ತೇನಪ್ಪಾ?"

ಆ ಪಾಪದ ಮುದುಕನಿಗೆ ಸುಳ್ಳು ಹೇಳಿ ಬರಲು ನನ್ನಿಂದಾಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. "ಬನ್ನಿ ತಾತ, ನಮ್ಮ ದಳವಾಯಿ ಹತ್ರ ನೀವೇ ಮಾತಾಡಿ" ಅಂತ ಕೈಹಿಡಿದು ತೆಪ್ಪಕ್ಕೆ ಹತ್ತಿಸಿದೆ. ಮರಳದಿಣ್ಣೆ ದಾಟಿದ್ದೇ ತಡ, ಎರ್ದೆನ್ ತಾತ ಕಣ್ಣು ಉಜ್ಜಿಕೊಂಡ. ಮತ್ತೊಮ್ಮೆ ಉಜ್ಜಿಕೊಂಡ. ತೆಪ್ಪ ದಡ ಮುಟ್ಟಿತು. ಇಳಿದವನು ಬೂದಿಯ ಮುಂದೆ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕುದುರೆಯ ಹಿಂದೆಯೂ ಇಣುಕಿ ನೋಡಿದ.

"ಮಿಕ್ಕೋರೆಲ್ಲಿ?" ಅಂದ.

"ನಿಮ್ಮೋರೆಲ್ಲಿ?" ಅಂದಳು ಅಜ್ಜಿ.

ದಡದಲ್ಲಿ ಸೇರಿದ್ದ ಊರಿನವರೆಲ್ಲ ಹತ್ತಿರ ಸರಿದೆವು. ತಾತ ಬೂದಿಯ ಜೀನಿನ ಕಡೆ ಬೆರಳು ತೋರಿಸಿದ. "ಆ ಈರುಳ್ಳಿ..."

"ಯಾವ ಈರುಳ್ಳಿ?"

"ಹದಿನೈದು ವರ್ಷದ ಹಿಂದೆ. ಸಾವಿರ ಕುದುರೆಗೂ ಕಟ್ಟಿದ್ರಲ್ಲ! ಏನೋ ಹೊಸ ಅಸ್ತ್ರ ಅಂತ ನಮ್ಮೂರೆಲ್ಲ ಗಡಗಡ. ನಮಗೂ ಇರಲಿ ಅಂತ ಮೂರು ವರ್ಷ ಎಲ್ಲಾರೂ ಕತ್ತಿಗೆ ಈರುಳ್ಳಿ ಕಟ್ಕೊಂಡು ಓಡಾಡಿದ್ವಿ. ಅದು ಏನಕ್ಕೆ ಅಂತ ಇವತ್ತಿಗೂ ತಿಳೀಲಿಲ್ಲ."

"ಸಾರಿಗೆ," ಅಂದಳು ಅಜ್ಜಿ.

ತಾತ ನೆಲದ ಮೇಲೆ ಕೂತುಬಿಟ್ಟ. ಭುಜ ಕುಲುಕುತ್ತಿತ್ತು, ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ಅಜ್ಜಿಗೂ ನಗು ಬಂತು. "ನಗಿಸಬೇಡ್ರೋ, ಸೊಂಟ, ಸೊಂಟ!" ಅಂತ ನಗುತ್ತಲೇ ಕೂಗಿಕೊಂಡಳು. ಆಗ ಅವಳನ್ನು ಬಿಚ್ಚಿ ಇಳಿಸಿದೆವು. ತಾತನೂ ಒಂದು ಕೈ ಕೊಟ್ಟ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನಮ್ಮ ಕಥೆ. ಒಬ್ಬಳು ಸಾವಿರವಾಗುವುದನ್ನು ದಿನಾ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಆಚೆಯಲ್ಲೂ ಹಾಗೇ ಇರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ, ಆಚೆಯವರಿಗೂ ಹೊಳೆಯಲಿಲ್ಲ. ದಡ್ಡತನಕ್ಕೆ ಗಡಿ ಎಲ್ಲಿದೆ ಹೇಳಿ.

ಹಾಗಾದರೆ ಇನ್ನು ಕಾವಲೇ ಬೇಡ ಅಲ್ಲವೇ ಅಂತ ಕೈಶಾನ ಕೇಳಿದ. ಹಾಸಿಗೆಯ ಮೇಲಿಂದಲೇ ಅಜ್ಜಿ ಗದರಿದಳು. "ಎರಡು ಕಡೆಯೂ ಸಾವಿರ ಇದೆ ಅಂತಲೇ ಎರಡು ರಾಜಧಾನಿಯವರೂ ಇಷ್ಟು ವರ್ಷ ಸುಮ್ನಿರೋದು. ಖಾಲಿ ಇದೆ ಅಂತ ತಿಳೀಲಿ, ಆಗ ನಿಜವಾದ ಸಾವಿರ ಬರ್ತಾರೆ. ದಡ ಖಾಲಿ ಬಿಡಕೂಡದು." ಆದರೆ ಅವಳು ಎರಡು ತಿಂಗಳು ಏಳುವ ಹಾಗಿಲ್ಲವಲ್ಲ? ಮೂಲೆಯಲ್ಲಿ ಕೂತು ರುಯಿ ಕೊಟ್ಟ ತೋಫು ಸಾರು ಕುಡಿಯುತ್ತಿದ್ದ ಎರ್ದೆನ್ ತಾತ ಬಟ್ಟಲು ಕೆಳಗಿಟ್ಟು, "ನಾನು ನಿಂತ್ರೆ ಆಗಲ್ವಾ?" ಅಂದ.

ಆಯಿತು. ಸಾವಿರವಾಗುವುದು ಅವನ ವಂಶಕ್ಕೂ ಇತ್ತಲ್ಲ, ದಡ ಯಾವುದಾದರೇನು? ಕುದುರೆಯ ಕಾಲು ವಾಸಿಯಾಗುವವರೆಗೆ ಬೂದಿಯನ್ನೇ ಕೊಟ್ಟೆವು, ಆಮೇಲೆ ತನ್ನ ಕೆಂಚನ್ನು ತಂದ. ಬಿಸಿಲು ಬತೇರಿ ಮುಟ್ಟುವವರೆಗೆ ತನ್ನ ದಡದಲ್ಲಿ ನಿಂತು ನಮಗೆ ಸಾವಿರವಾಗಿ ಕಾಣುತ್ತಿದ್ದ. ಆಮೇಲೆ ಮೇಲುಗಡೆ ನೀರು ಆಳವಿಲ್ಲದ ಕಡೆ ಹೊಳೆ ದಾಟಿ ಬಂದು, ಅಜ್ಜಿಯ ಅಂಗಿ ಹಾಕಿಕೊಂಡು ನಮ್ಮ ದಡದಲ್ಲಿ ನಿಂತು ತನ್ನ ಊರಿನವರಿಗೆ ಸಾವಿರವಾಗಿ ಕಾಣುತ್ತಿದ್ದ. "ಮೆಂಗ್ ಮನೆಯವರು ಸೋಮಾರಿಗಳಾಗಿದಾರೆ, ತಡವಾಗಿ ಬರ್ತಾರೆ, ಹೊಸ ಕೆಂಚು ಕುದುರೆ ಬೇರೆ ತಗೊಂಡಿದಾರೆ" ಅಂತ ಅವನ ಊರಲ್ಲಿ ಮಾತಾಡಿಕೊಂಡರಂತೆ. ಎರಡು ತಿಂಗಳು ನಮ್ಮ ಗಡಿಯನ್ನು ನಮ್ಮ ಶತ್ರುವೇ ಕಾದ. ಮಧ್ಯಾಹ್ನದ ಊಟಕ್ಕೆ ಅಜ್ಜಿಯ ಹಾಸಿಗೆಯ ಪಕ್ಕ ಕೂತು, ಇಬ್ಬರೂ ಸೇರಿ ಯಾವ ವರ್ಷ ಯಾರು ಯಾರಿಗೆ ಎಷ್ಟು ಹೆದರಿದ್ದರು ಅಂತ ಜಗಳವಾಡುತ್ತಿದ್ದರು. ಅಜ್ಜಿಯ ಸೊಂಟ ಕೂಡಿಕೊಂಡಿತು. ನಡೆಯುವಾಗ ಸ್ವಲ್ಪ ಎಳೆಯುತ್ತಾಳೆ, ಕುದುರೆ ಹತ್ತಿದರೆ ಅದೂ ಗೊತ್ತಾಗುವುದಿಲ್ಲ.

ಈ ಚಳಿಗಾಲದಲ್ಲಿ ತಾತನಿಗೆ ಕೆಮ್ಮು ಹಿಡಿಯಿತು. ಸುದ್ದಿ ತಿಳಿದ ಬೆಳಿಗ್ಗೆ ಅಜ್ಜಿ ಬೂದಿಗೆ ಹೊಸ ಲಾಳ ಕಟ್ಟಿಸಿಕೊಂಡು, ಒಂದು ಕಟ್ಟು ಈರುಳ್ಳಿ ಜೀನಿಗೆ ಸಿಕ್ಕಿಸಿಕೊಂಡು ಆಚೆ ದಡಕ್ಕೆ ಹೋದಳು. ಅವನ ಬದಲಿಗೆ ನಿಲ್ಲಬೇಕಲ್ಲ, ಸಾರೂ ಮಾಡಿಕೊಡಬೇಕಲ್ಲ. ನಾನು ಕುಲುಮೆ ಬಿಟ್ಟು ಹೊಳೆಗೆ ಹೋದೆ. ಊರಿಗೆ ಊರೇ ಬಂದು ನಿಂತಿತ್ತು. ತಮ್ಮ ಸೈನ್ಯವನ್ನು ನಮ್ಮವರು ಸರಿಯಾಗಿ ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು.

ಅವಳು ದಿಬ್ಬದ ಮೇಲೆ ಬಂದಳು. ಸಾವಿರ ಬೂದಿ ಕುದುರೆಗಳು, ಸಾವಿರ ನೆಟ್ಟಗಿನ ಬೆನ್ನುಗಳು. ಈ ಸಲ ಯಾವ ಬಾಯಿಯೂ ತೋಳು ಕಚ್ಚಿರಲಿಲ್ಲ. ಎಂಟು ವರ್ಷದವನಿದ್ದಾಗ ಹುಲ್ಲಿನಲ್ಲಿ ಮುಖ ಹುದುಗಿಸಿ ಅತ್ತದ್ದು ನೆನಪಾಯಿತು. ಯಾರೂ ಇಲ್ಲದವನು ನಾನು ಅಂದುಕೊಂಡಿದ್ದೆನಲ್ಲ, ದಡದ ಉದ್ದಕ್ಕೂ ನನ್ನವರೇ ನಿಂತಿದ್ದರು. ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿತ್ತೆಂದು ಕಾಣುತ್ತದೆ. ಸಾವಿರ ಅಜ್ಜಿಯರೂ ಒಟ್ಟಿಗೆ ಕೈಯೆತ್ತಿ, ತಮ್ಮ ತಲೆ ಮುಟ್ಟಿಕೊಂಡು, ನನ್ನ ಕಡೆ ಬೆರಳು ತೋರಿಸಿ ಗದರಿದರು.

ನಾನು ಜೇಬಿನಿಂದ ಟೊಪ್ಪಿ ತೆಗೆದು ಹಾಕಿಕೊಂಡೆ.